ದೊಡ್ಡಕ್ಕನ ತೂಕ

"ನನ್ನನ್ನ ತೂಗ್ತೀಯಾ? ನಾನೇನು ಆಲೂಗಡ್ಡೆ ಮೂಟೆನಾ?" ಎಂದು ದೊಡ್ಡಕ್ಕ ಕೇಳಿದಳು.

ಎದುರಿಗೆ ನಿಂತಿದ್ದ, ವಿಮಾನ ಹಾರಿಸುವ ಕ್ಯಾಪ್ಟನ್ ಹುಡುಗಿ ನಗಲಿಲ್ಲ. ನೆಲದ ಮೇಲಿದ್ದ ತೂಕದ ಯಂತ್ರವನ್ನು ಬೂಟಿನ ತುದಿಯಿಂದ ನೇರ ಮಾಡಿ, "ಎಲ್ಲರನ್ನೂ ತೂಗಲೇಬೇಕು ಅಮ್ಮ. ವಿಮಾನ ಚಿಕ್ಕದು. ಮೇಲೆ ಬೆಟ್ಟದಲ್ಲಿ ಇಳಿಯೋ ಜಾಗ ಇನ್ನೂ ಚಿಕ್ಕದು," ಎಂದಳು. ಗಾಜಿನ ಗೋಡೆಯ ಆಚೆ ಆ ವಿಮಾನ ಬೆಳ್ಳಗೆ, ಮೂಗು ಚೂಪು ಮಾಡಿಕೊಂಡು ನಿಂತಿತ್ತು. ಬಾಗಿಲು ತೆರೆದಿತ್ತು, ಪುಟ್ಟ ಮೆಟ್ಟಿಲು ಇಳಿಬಿಟ್ಟಿದ್ದರು. ಮೆಟ್ಟಿಲ ಬುಡದಲ್ಲಿ ಕೆಂಪು ಹಾಸು ಬೇರೆ. ಬಂದಾಗಿನಿಂದ ಆ ಹಾಸನ್ನು ತಂಗಿ ಇಸ್ತ್ರಿ ಕದ್ದು ಕದ್ದು ನೋಡಿ ಒಳಗೊಳಗೇ ಉಬ್ಬುತ್ತಿದ್ದಳು.

ಇಸ್ತ್ರಿ ಎಂದರೆ ನಡುವಿನ ತಂಗಿ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆ ಹೆಸರಿನಿಂದ ಅವಳನ್ನು ಕರೆಯುವವರು ಬ್ಯಾಂಕಿನವರು ಮಾತ್ರ. ಊರಿನ ಅರ್ಧಕ್ಕರ್ಧ ಹೋಟೆಲುಗಳ ಹಾಸಿಗೆಬಟ್ಟೆ ಒಗೆದು ಮಡಿಸಿ ಕಳಿಸುವ ಲಾಂಡ್ರಿಯ ಒಡತಿ ಅವಳು. ಅಡ್ಡಹೆಸರು ಕೆಲಸದಿಂದ ಬಂತೆಂದು ಹೊರಗಿನವರು ತಿಳಿದಿದ್ದರು, ಸ್ವಭಾವದಿಂದ ಬಂತೆಂದು ಮನೆಯವರಿಗೆ ಗೊತ್ತಿತ್ತು. ಬೇಗ ಕಾಯುತ್ತಾಳೆ, ಮುಟ್ಟಿದರೆ ಸುಡುತ್ತಾಳೆ, ಸುಕ್ಕು ಹೋಗುವ ತನಕ ಬಿಡುವವಳಲ್ಲ. ಅಂಥವಳು ಈ ಸಲ ಪಟ್ಟು ಹಿಡಿದು, ಟ್ಯಾಕ್ಸಿ ಹಿಡಿದ ಹಾಗೆ ಒಂದು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದಿದ್ದಳು. ಹಿಮದ ಬೆಟ್ಟದ ಮೇಲಿನ ರೆಸಾರ್ಟಿಗೆ, ಜನ ಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾರಲ್ಲ ಅಲ್ಲಿಗೆ, ಅಕ್ಕನನ್ನು ಕರೆದೊಯ್ಯಲು. ಬೀದಿಯಲ್ಲಿ ಎದುರಾದವರಿಗೆಲ್ಲ ಕೇಳದೆಯೇ ಹೇಳಿಕೊಂಡು ತಿರುಗಿದ್ದಳು. ಜಂಬ ಅಂತೀರಾ? ಹೌದು, ಜಂಬವೇ. ಬೆನ್ನು ಬಗ್ಗಿಸಿ ದುಡಿದವಳು ಒಂದು ದಿನ ಜಂಬ ಪಟ್ಟರೆ ಯಾರ ಗಂಟು ಹೋಯಿತು?

ವಿಮಾನವೇ ಯಾಕೆ ಎಂದರೆ ಅದಕ್ಕೂ ಕಾರಣವಿತ್ತು. ಬೆಟ್ಟದ ಸುತ್ತುದಾರಿ ದೊಡ್ಡಕ್ಕನಿಗೆ ಆಗಿಬರುತ್ತಿರಲಿಲ್ಲ. ಎರಡನೇ ತಿರುವಿಗೇ ಹೊಟ್ಟೆ ತೊಳಸಿ, ನಾಲ್ಕನೆಯದಕ್ಕೆ ಕಾರು ನಿಲ್ಲಿಸಿ, ಅಲ್ಲಿಂದ ವಾಪಸ್ಸು. ಹತ್ತಿರದ ಸಣ್ಣ ಗುಡ್ಡಕ್ಕೆ ಹೋದಾಗಲೇ ಆ ಪಾಡು. ಹಾಗಾಗಿ ಬೆಟ್ಟವನ್ನು ಅವಳು ನೋಡಬೇಕೆಂದರೆ ನೇರ ಅದರ ತಲೆಯ ಮೇಲೇ ಇಳಿಸುವ ವಾಹನ ಬೇಕಿತ್ತು. ಅಂಥದ್ದು ಇರುವುದು ಇದೊಂದೇ.

ಒಪ್ಪಿಸುವುದಂತೂ ಹರಸಾಹಸವಾಗಿತ್ತು. ತಾಯಿ ತೀರಿಕೊಂಡಾಗ ಶಾಲೆ ಬಿಟ್ಟು ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿ ಸೇರಿದ ದೊಡ್ಡಕ್ಕ, ತಲೆ ನರೆಯುವ ತನಕ ಅಲ್ಲೇ ಹಾಸಿಗೆಬಟ್ಟೆ ಮಡಿಸಿ, ಇಬ್ಬರು ತಂಗಿಯರನ್ನು ದಡ ಸೇರಿಸಿದಳು. ಮನೆಯಲ್ಲಿ ಯಾವುದಾದರೂ ಒಂದು ಕಮ್ಮಿ ಬಿತ್ತೆಂದರೆ, ಅದು ಹಾಸಿಗೆಯಾಗಲಿ, ಹೊಸ ಚಪ್ಪಲಿಯಾಗಲಿ, ಪಾತ್ರೆಯ ತಳದ ಕೊನೆಯ ತುತ್ತಾಗಲಿ, "ನಂಗೆ ಬೇಡ ಕಣ್ರೇ" ಎಂದುಬಿಡುತ್ತಿದ್ದಳು. ಎಷ್ಟು ಸಲೀಸಾಗಿ ಎಂದರೆ ಅವಳಿಗೆ ನಿಜಕ್ಕೂ ಬೇಡವೇನೋ ಎಂದು ಇವರಿಬ್ಬರೂ ನಂಬಿಕೊಂಡೇ ಬೆಳೆದರು. ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಇಸ್ತ್ರಿ ಕೊಟ್ಟದ್ದನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದಳು. ಉಣ್ಣೆ ಕೋಟು ಬಂದ ಪೊಟ್ಟಣದಲ್ಲೇ ವಾಪಸ್ಸು. ಬಟ್ಟೆ ಒಗೆಯುವ ಯಂತ್ರ ಬಾಗಿಲಿಂದಲೇ ವಾಪಸ್ಸು: "ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ."

ಈ ಸಲ ಇಸ್ತ್ರಿ ಬುದ್ಧಿ ಓಡಿಸಿದ್ದಳು. "ದುಡ್ಡು ಕಟ್ಟಾಯ್ತು ದೊಡ್ಡಕ್ಕ. ವಾಪಸ್ ಕಳ್ಸೋಕೆ ಇದೇನು ಕೋಟಲ್ಲ, ವಿಮಾನ. ನೀನು ಬರ್ಲಿಲ್ಲ ಅಂದ್ರೆ ಖಾಲಿ ಹಾರುತ್ತೆ, ಅಷ್ಟೆ." ದಂಡವಾಗುತ್ತದೆ ಎಂಬ ಮಾತಿಗೆ ದೊಡ್ಡಕ್ಕ ಬಗ್ಗಿದ್ದಳು.

ಈಗ ನೋಡಿದರೆ ವಿಮಾನದ ಬಾಗಿಲ ತನಕ ಬಂದು ತೂಕದ ತಕರಾರು.

"ನಾನು ಮೊದ್ಲು ನಿಲ್ತೀನಿ, ನೋಡ್ಕೊ," ಎಂದು ಇಸ್ತ್ರಿ ಹತ್ತಿ ಇಳಿದಳು. ಅವಳ ಹಿಂದೆ ಕಿರಿಯ ತಂಗಿಯ ಗಂಡ ದಂತವೈದ್ಯ, ಹೊಟ್ಟೆ ಒಳಗೆಳೆದುಕೊಂಡು ಹತ್ತಿದ. ಹೊಟ್ಟೆ ಎಳೆದುಕೊಂಡರೆ ತೂಕ ಇಳಿಯುವುದಿಲ್ಲವೆಂದು ಅಷ್ಟು ಓದಿದವನಿಗೆ ಹೇಳುವವರು ಯಾರು. ಆಮೇಲೆ ಕಿರಿಯವಳು, ಮನೆಯವರ ಬಾಯಲ್ಲಿ ಇಂದಿಗೂ ಪುಟ್ಟಿ. ಅವಳು ಬೂಟು ಬಿಚ್ಚಿದಳು, ಗಡಿಯಾರ ಬಿಚ್ಚಿದಳು, ಕೊರಳ ಸ್ಕಾರ್ಫ್ ಬಿಚ್ಚಿ ಗಂಡನ ಕೈಗೆ ಕೊಟ್ಟಳು, ಕೊನೆಗೆ ಕಣ್ಣು ಮುಚ್ಚಿಕೊಂಡು ಹತ್ತಿದಳು.

ಕ್ಯಾಪ್ಟನ್ ಅಂಕಿ ನೋಡಿದಳು. ಹುಬ್ಬು ಮೇಲಕ್ಕೆ ಹೋಯಿತು. "ಫೋನಲ್ಲಿ ನೀವು ಹೇಳಿದ್ದು ಇದಲ್ವಲ್ಲ ಮೇಡಂ."

"ಅದು... ಮದುವೆ ವರ್ಷದ್ದು," ಎಂದಳು ಪುಟ್ಟಿ, ಮುಖ ಕೆಂಪಾಗಿ. ದಂತವೈದ್ಯ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದ.

"ಮತ್ತೆ ಈ ಅಮ್ಮನದು ಅರವತ್ತು ಅಂದಿದ್ರಿ. ಅದಾದ್ರೂ ಸರಿನಾ?"

"ಅರವತ್ತಾ?" ದೊಡ್ಡಕ್ಕ ಒಮ್ಮೆ ಕೆಳಗೆ ತನ್ನನ್ನು ತಾನೇ ನೋಡಿಕೊಂಡಳು. "ಯಾರು ಹೇಳಿದ್ದು ಅರವತ್ತು ಅಂತ?"

ಪುಟ್ಟಿ ತಲೆ ತಗ್ಗಿಸಿದಳು. "ಯಾರೋ ಹೊರಗಿನೋರು ಕೇಳ್ತಿದ್ರು ದೊಡ್ಡಕ್ಕ. ನಿನ್ನ ಮರ್ಯಾದೆ ನೋಡ್ಬೇಕಲ್ಲ. ಗೌರವಕ್ಕೆ ಅಂತ ಸ್ವಲ್ಪ ಕಮ್ಮಿ ಹೇಳ್ದೆ."

"ಗೌರವಕ್ಕೆ ಕಮ್ಮಿ ಹೇಳ್ತಾರೇನೇ, ಪೆದ್ದಿ! ನನ್ನ ತೂಕ ಇಳಿಸೋಕೆ ನೀನ್ಯಾರೇ?" ದೊಡ್ಡಕ್ಕನ ಸ್ವರ ನೆಲಮಾಳಿಗೆಯ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದ್ದು, ಆ ಸಣ್ಣ ಕೋಣೆ ಗಣಗಣ ಎಂದಿತು. ಅವಳು ಬೂಟು ಬಿಚ್ಚಲಿಲ್ಲ. ಕೋಟು ಬಿಚ್ಚಲಿಲ್ಲ. ಕೈಚೀಲವನ್ನೂ ಕೆಳಗಿಡದೆ ಹೋಗಿ ಯಂತ್ರದ ಮೇಲೆ ನೆಟ್ಟಗೆ ನಿಂತಳು. "ಜೋರಾಗಿ ಓದಮ್ಮ. ಎಲ್ಲಾರ್ಗೂ ಕೇಳ್ಲಿ."

"ಎಂಬತ್ತೊಂಬತ್ತು."

"ಕೇಳಿಸ್ಕೊಂಡ್ರಾ? ಇದ್ರಲ್ಲಿ ಒಂದು ಗ್ರಾಮೂ ಕೂತು ತಿಂದು ಬಂದಿದ್ದಲ್ಲ."

ಕ್ಯಾಪ್ಟನ್ ಹುಡುಗಿ ಈಗ ನಕ್ಕೇಬಿಟ್ಟಳು. ಇಸ್ತ್ರಿಗೆ ಹಿಗ್ಗೋ ಹಿಗ್ಗು. ಅಕ್ಕನನ್ನು ತೋರಿಸಿ, ಇವಳು ನಮ್ಮಕ್ಕ ಎಂದು ಹೊರಗೆ ನಿಂತ ವಿಮಾನಕ್ಕೂ ಕೂಗಿ ಹೇಳಬೇಕೆನಿಸಿತು.

ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕ್ಯಾಪ್ಟನ್ ಪೆಟ್ಟಿಗೆಗಳನ್ನೂ, ದಂತವೈದ್ಯ ಹೊಸದಾಗಿ ಕೊಂಡ ಜಾರುಪಟ್ಟಿಗಳ ಉದ್ದನೆಯ ಚೀಲವನ್ನೂ ತೂಗಿ, ಕಿಟಕಿಯ ಬಳಿ ಹೋಗಿ ಲೆಕ್ಕ ಹಾಕಿಕೊಂಡು ಬಂದಳು. ಬರುವಾಗ ಮುಖ ಗಂಭೀರವಾಗಿತ್ತು.

"ಕ್ಷಮಿಸಿ. ಫೋನಲ್ಲಿ ಹೇಳಿದ್ದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ. ಸಾಮಾನು ಪೂರ್ತಿ ಬಿಟ್ರೂ ಆಗಲ್ಲ. ಮೇಲೆ ಗಾಳಿ ತೆಳು, ಇಷ್ಟು ಭಾರ ಹೊತ್ಕೊಂಡು ಆ ಪುಟ್ಟ ಜಾಗ್ದಲ್ಲಿ ಇಳಿಯೋಕೆ ಆಗಲ್ಲ. ಒಬ್ಬರು ಉಳೀಬೇಕು."

"ಎಣ್ಣೆ ಸ್ವಲ್ಪ ಕಮ್ಮಿ ತುಂಬ್ಕೊಳ್ಳಿ," ಎಂದ ದಂತವೈದ್ಯ.

"ಮೋಡ ಮುಚ್ಚಿದ್ರೆ ಇಳೀದೆ ವಾಪಸ್ ಬರೋಷ್ಟು ಎಣ್ಣೆ ಇರ್ಲೇಬೇಕು ಸಾರ್."

"ಮೂವರನ್ನ ಬಿಟ್ಟು ಬಂದು, ಉಳಿದೋರನ್ನ ಇನ್ನೊಂದು ಸಲ ಕರ್ಕೊಂಡು ಹೋಗಿ," ಎಂದಳು ಇಸ್ತ್ರಿ. "ಅದಕ್ಕೂ ಕೊಡ್ತೀನಿ."

"ಮಧ್ಯಾಹ್ನದ ಮೇಲೆ ಅಲ್ಲಿ ಇಳಿಯೋಕೆ ಬಿಡಲ್ಲ ಮೇಡಂ. ನಾಳೆಯಿಂದ ಹವಾಮಾನವೂ ಸರಿಯಿಲ್ಲ. ಯಾರು ಉಳೀತೀರಿ ಅಂತ ನೀವೇ ಮಾತಾಡ್ಕೊಳ್ಳಿ." ಅವಳು ವಿಮಾನದ ಕಡೆ ಹೊರಟಳು.

ಆಗ ಎಲ್ಲರೂ ದೊಡ್ಡಕ್ಕನ ಕಡೆ ನೋಡಿದರು.

ಯಾರೂ ಬೇಕೆಂದು ನೋಡಿದ್ದಲ್ಲ. ಪುಟ್ಟಿಯ ಕತ್ತು ತಾನಾಗಿ ತಿರುಗಿತು, ಅವಳ ಗಂಡನದೂ ತಿರುಗಿತು. ಒಂದು ಕಮ್ಮಿ ಬಿದ್ದಾಗಲೆಲ್ಲ ಆ ಮನೆಯವರು ನೋಡುತ್ತಿದ್ದದ್ದು ಆ ಕಡೆಗೇ. ಇಸ್ತ್ರಿಯೂ ನೋಡಿದಳು. ನೋಡಿದ ಮರುಕ್ಷಣ ತನ್ನ ಕತ್ತು ತಿರುಗಿದ್ದು ಅವಳಿಗೆ ತಿಳಿಯಿತು, ಕೆನ್ನೆ ಚುರ್ರೆಂದಿತು. ಥೂ, ನನ್ನ ಜನ್ಮಕ್ಕಿಷ್ಟು! ಇಷ್ಟು ದೂರ, ಕೆಂಪು ಹಾಸಿನ ತನಕ ಕರೆತಂದು, ಕೊನೆಗೆ ಇಲ್ಲಿಯೂ ಅವಳ ಬಾಯಿಂದ ಅದೇ ಮಾತು ಬರಲೆಂದು ಕಾಯುತ್ತಿದ್ದೇನಲ್ಲ.

ದೊಡ್ಡಕ್ಕ ಬಾಯಿ ತೆರೆಯುವುದನ್ನು ಕಂಡು ಇಸ್ತ್ರಿ ಅಡ್ಡ ಬಂದಳು.

"ನೀನು ಏನೂ ಹೇಳ್ಬೇಡ! ನಾನು ಉಳೀತೀನಿ. ನಾನು ಆಮೇಲೆ ಯಾವಾಗ್ಲಾದ್ರೂ ಹೋಗ್ತೀನಿ, ನಂಗೆ ರಸ್ತೆ ಆಗುತ್ತೆ. ನಿಂಗೆ ಇದು ಬಿಟ್ರೆ ಇಲ್ಲ. ಬೇಡ ಅಂತ ಒಂದು ಮಾತು ಅಂದ್ಯೋ, ಆಣೆ ಮಾಡಿ ಹೇಳ್ತೀನಿ, ನಿನ್ನ ಮನೆ ಹೊಸಿಲು ತುಳಿಯಲ್ಲ. ನೀನು ಹೋಟೆಲ್ ಲಾಂಡ್ರೀಲಿ ಇದ್ದಾಗ, ಯಾರದೋ ಕೈಗವಸು ಒಗೆಯೋಕೆ ಬಂದಿತ್ತು, ಹಿಮದಲ್ಲಿ ಜಾರೋರದು. ಅದನ್ನ ಕೈಲಿ ಹಿಡ್ಕೊಂಡು ನೀನು ಕೇಳಿದ್ದೆ, ಹಿಮ ಮುಟ್ಟಿದ್ರೆ ಒದ್ದೆ ಇರುತ್ತೋ ಒಣಗಿರುತ್ತೋ ಅಂತ. ನಾನು ಚಿಕ್ಕೋಳು, ಗೊತ್ತಿಲ್ಲ ಅಂದೆ. ನೀನು ಇಡೀ ಜೀವಮಾನದಲ್ಲಿ ನಿಂಗೋಸ್ಕರ ಕೇಳಿದ್ದು ಅದೊಂದೇ. ಅದೊಂದೇ ಕಣೇ!"

ಪುಟ್ಟಿ ಅಳುವುದಕ್ಕೆ ಶುರುಮಾಡಿದ್ದಳು.

"ನಾನು ಕೇಳಿದ್ನಾ?" ದೊಡ್ಡಕ್ಕ ಹಣೆ ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. "ಇರ್ಬೋದು. ಈಗ ನಂಗೂ ಒಂದು ಮಾತಾಡೋಕೆ ಬಿಡ್ತೀಯೋ, ನೀನೇ ಮಾತಾಡ್ತಾ ಇರ್ತೀಯೋ?"

ಹೊರಗೆ ಯಾರೋ ವಿಮಾನದ ರೆಕ್ಕೆ ಒರೆಸುತ್ತಿದ್ದರು.

"ನಾನಂತೂ ಹೋಗ್ತೀನಿ," ಎಂದಳು ದೊಡ್ಡಕ್ಕ. "ಯಾರು ಉಳೀತೀರೋ ನೀವ್ ನೀವೇ ನೋಡ್ಕೊಳ್ಳಿ. ಇಸ್ತ್ರಿ ಮಾತ್ರ ಉಳಿಯೋ ಹಾಗಿಲ್ಲ. ಕರ್ಕೊಂಡು ಹೋಗ್ತೀನಿ ಅಂತ ಊರೆಲ್ಲ ಡಂಗುರ ಹೊಡೆದೋಳು ಅವಳು. ಅವಳು ಹೊಡೆದಿದ್ದು ಸುಳ್ಳು ಡಂಗುರ ಆಗ್ಬಾರ್ದು."

ಹೀಗೆ ಹೇಳಿ ಕೈಚೀಲವನ್ನು ಹೆಗಲಿಗೇರಿಸಿಕೊಂಡು ಗಾಜಿನ ಬಾಗಿಲ ಕಡೆ ನಡೆದೇಬಿಟ್ಟಳು.

ಉಳಿದ ಮೂವರು ಕಕ್ಕಾಬಿಕ್ಕಿ. ದೊಡ್ಡಕ್ಕ ಬೇಕು ಅನ್ನುವುದು ಇಷ್ಟು ಸುಲಭವೆಂದು ಯಾರಿಗೂ ತಿಳಿದಿರಲಿಲ್ಲ. ಮೊದಲು ಚೇತರಿಸಿಕೊಂಡವಳು ಪುಟ್ಟಿ. ಮೂಗು ಒರೆಸಿಕೊಂಡು ಗಂಡನ ಮುಖ ನೋಡಿದಳು. ಗಂಡ ಜಾರುಪಟ್ಟಿಗಳ ಚೀಲವನ್ನು ನೋಡಿದ.

"ರೀ," ಎಂದಳು ಪುಟ್ಟಿ.

"ಗೊತ್ತಾಯ್ತು," ಎಂದ ದಂತವೈದ್ಯ. "ಪೆಟ್ಟಿಗೆಗೂ ಒಬ್ರು ಜೊತೆ ಬೇಕಲ್ಲ. ನಾನು ಕಾರಲ್ಲಿ ಬರ್ತೀನಿ." ಆಮೇಲೆ ಇಸ್ತ್ರಿಯ ಕಡೆ ತಿರುಗಿ, ತಮಾಷೆ ಬಿಟ್ಟು, "ಬೇಗ ಹೋಗಿ ಅತ್ತಿಗೆ. ಅವರು ನಿಮ್ಮನ್ನ ಬಿಟ್ಟೇ ಹತ್ತಿಬಿಡೋ ಹಾಗಿದ್ದಾರೆ," ಎಂದ. ಹಲ್ಲು ಕೀಳುವವನ ಬಾಯಲ್ಲಿ ಅಷ್ಟು ಮೆತ್ತನೆಯ ಮಾತನ್ನು ಇಸ್ತ್ರಿ ಕೇಳಿದ್ದು ಅದೇ ಮೊದಲು.

ನಿಜಕ್ಕೂ ದೊಡ್ಡಕ್ಕ ಆಗಲೇ ಕೆಂಪು ಹಾಸಿನ ಮೇಲಿದ್ದಳು. ಅದನ್ನು ಬಳಸಿ ಪಕ್ಕದಿಂದ ಹೋಗಲಿಲ್ಲ, ನಟ್ಟನಡುವೆ ನಡೆದಳು. ಮೆಟ್ಟಿಲ ಬಳಿ ಕೈಕೊಡಲು ಬಂದ ಕ್ಯಾಪ್ಟನ್ನಿನ ಕೈಯನ್ನು ಧಾರಾಳವಾಗಿ ಹಿಡಿದುಕೊಂಡು ಒಳಗೆ ಹೋದಳು. ಇರುವುದರಲ್ಲೇ ಅಗಲವಾದ ಸೀಟು ಆರಿಸಿ, ಅದರಲ್ಲಿ ಒಂದು ಸಲ ಕೂತು, ಸರಿಯಿಲ್ಲವೆಂದು ಎದ್ದು, ಕಿಟಕಿ ದೊಡ್ಡದಿರುವ ಇನ್ನೊಂದರಲ್ಲಿ ಕೂತಳು. ಇಸ್ತ್ರಿ ಅವಳ ಪಕ್ಕದ ಸೀಟಿನಲ್ಲಿ, ಪುಟ್ಟಿ ಎದುರಿಗೆ ಆಚೆ ಬದಿಯಲ್ಲಿ.

ವಿಮಾನ ಓಡಿ, ನೆಲ ಬಿಟ್ಟಾಗ ದೊಡ್ಡಕ್ಕ ಕುರ್ಚಿಯ ಕೈ ಹಿಡಿದುಕೊಂಡಳೇ ಹೊರತು ಕಣ್ಣು ಮುಚ್ಚಲಿಲ್ಲ. ಊರು ಕೆಳಗೆ ಹೋಯಿತು. ಹೋಟೆಲುಗಳ ಮಾಳಿಗೆಗಳು, ಒಂದರ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆಯ ಸಾಲು ಕಂಡಂತಾಯಿತು. ಆಮೇಲೆ ಮೋಡ. ತುಂಬಾ ಹೊತ್ತು ಬರಿಯ ಮೋಡವೇ. ಬೆಟ್ಟವೇ ಕಾಣದೆ ಹೋದರೆ ಇಷ್ಟೆಲ್ಲ ಮಾಡಿ ಏನು ಬಂತು ಎಂದು ಇಸ್ತ್ರಿ ಒಳಗೇ ಕುದಿಯುತ್ತಿದ್ದಳು.

"ಅಯ್ಯೋ," ಎಂದಳು ದೊಡ್ಡಕ್ಕ ಇದ್ದಕ್ಕಿದ್ದ ಹಾಗೆ, ಸಣ್ಣ ದನಿಯಲ್ಲಿ. ಹಾಗೆಂದು ಕಿಟಕಿಗೆ ಅಂಟಿಕೊಂಡಳು.

ಪುಟ್ಟಿ ತನ್ನ ಕಡೆ ನೋಡಿದಳು, ಅಲ್ಲಿ ಮೋಡ ಇನ್ನೂ ಹರಿದಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನೆಲ್ಲ ಪಡೆದವಳು, ಬೆಲ್ಟ್ ಕಟ್ಟಿಕೊಂಡೇ ಈ ಕಡೆಗೆ ಬಗ್ಗಿ, "ದೊಡ್ಡಕ್ಕ, ಕಾಣ್ತಿದ್ಯಾ? ಒಂದೇ ಒಂದು ನಿಮಿಷ ನಂಗೆ ಬಿಡೇ ಆ ಕಿಟಕಿ. ಒಂದೇ ನಿಮಿಷ," ಎಂದಳು.

"ತಡ್ಕೊ. ನಿನ್ನ ಕಡೆನೂ ಬರುತ್ತೆ," ಎಂದಳು ದೊಡ್ಡಕ್ಕ, ತಿರುಗದೆ.

ಇಸ್ತ್ರಿಗೆ ಹೆಮ್ಮೆ ಉಕ್ಕಿ ಬಂತು. ಲಾಂಡ್ರಿಗೆ ಮೊದಲ ದೊಡ್ಡ ಹೋಟೆಲು ಸಿಕ್ಕಾಗ ಬಂದದ್ದಕ್ಕಿಂತ, ಬೀದಿಯವರು ಬಾಯಿ ತೆರೆದು ನಿಂತಾಗ ಬಂದದ್ದಕ್ಕಿಂತ ದೊಡ್ಡ ಹೆಮ್ಮೆ. ಅದನ್ನು ಯಾರ ಮುಂದೆ ಹೇಳಿಕೊಂಡರೂ ಅರ್ಥವಾಗುವಂಥದ್ದಲ್ಲ.

ಅವಳಿಗೆ ಬೆಟ್ಟ ಒಂದಿಷ್ಟೂ ಕಾಣುತ್ತಿರಲಿಲ್ಲ. ದೊಡ್ಡಕ್ಕನ ಅಗಲವಾದ ಬೆನ್ನು ಇಡೀ ಕಿಟಕಿಯನ್ನು ತುಂಬಿಕೊಂಡಿತ್ತು. ಹೆಗಲ ಎರಡೂ ಪಕ್ಕದಿಂದ, ನರೆತ ಕೂದಲ ಅಂಚಿನಿಂದ, ಕಣ್ಣು ಕೋರೈಸುವ ಬಿಳಿ ಬೆಳಕು ಒಳಗೆ ಬರುತ್ತಿತ್ತು.