ಶಮಶೇರನ ಬಾಜೂಕ ಕೂತಾಗ

ಯಾರಿಗಾದರೂ ದೊಡ್ಡ ಜಡ್ಡು ಬಂದಿದೆ ಎಂದು ಗೊತ್ತಾದರೆ ಕಲ್ಲೋಳಿ ಊರಿನಲ್ಲಿ ಮೊದಮೊದಲು ಮನೆ ತುಂಬ ಜನ. ಬಾಳೆಹಣ್ಣು, ಬ್ರೆಡ್ಡು ತಂದು ಮಾತಾಡಿಸಿ ಹೋಗುತ್ತಾರೆ. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅದೇ ಮನೆಯ ಮುಂದೆ ತಲೆ ತಗ್ಗಿಸಿಕೊಂಡು ದಾಟುತ್ತಾರೆ. ಶಮಶೇರನ ಮನೆಗೂ ಹೀಗೇ ಆಯಿತು.

ಶಮಶೇರ ಬಸ್ ಕಂಡಕ್ಟರ್ ಆಗಿದ್ದವನು. ಅದೇ ಬಸ್ಸಿನ ಡ್ರೈವರ್ ಗಜಾನನ. ಗೋಕಾಕದಿಂದ ಸಂಕೇಶ್ವರಕ್ಕೆ ಇಬ್ಬರೂ ವರ್ಷಗಟ್ಟಲೆ ಜೊತೆಗೆ ಓಡಾಡಿದವರು. ನಿವೃತ್ತಿಯಾದ ಮೇಲೆ ಗಜಾನನನಿಗೆ ಬೆಳಗಾದರೆ ಯಾಕೆ ಏಳಬೇಕೆಂದೇ ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುತ್ತಿದ್ದ. ಗೆಳೆಯನಿಗೆ ಗಂಟಲು ಕ್ಯಾನ್ಸರ್ ಎಂದು ತಿಳಿದಾಗ ಒಮ್ಮೆ ಹೋಗಿ ಬಂದ. ಮತ್ತೆ ಆ ಕಡೆ ಕಾಲಿಡಲಿಲ್ಲ.

ಒಂದು ಮುಂಜಾನೆ ಆಶಾ ಕಾರ್ಯಕರ್ತೆ ಐಶ್ವರ್ಯ ಅವನ ಮನೆಗೆ ಬಂದಳು.

"ಕಾಕಾ, ಶಮಶೇರ ಕಾಕಾ ನಿಮ್ಮನ್ನ ಕೇಳಾಕತ್ತಾರ."

"ನಾ ಹೋಗಿ ಏನ್ ಮಾಡ್ಲಿ ಯವ್ವಾ? ನಾ ಏನ್ ಡಾಕ್ಟರ್ ಅಲ್ಲ. ಅವನ ಮಾರಿ ನೋಡಿದ್ರ ಬಾಯಾಗ ಮಾತ ಬರೂದಿಲ್ಲ."

ಹೆಂಡತಿ ಲಕ್ಷ್ಮೀ ಒಳಗಿನಿಂದ ಬಂದು ಮೆಲ್ಲಗೆ ಕೇಳಿದಳು. "ಅದು ಒಬ್ಬರಿಂದ ಒಬ್ಬರಿಗೆ ಹತ್ತೂ ಜಡ್ಡ ಅಂತಾರಲ್ಲ, ಖರೆ ಏನು? ಮನ್ಯಾಗ ಮೊಮ್ಮಕ್ಕಳ ಅದಾವ."

"ಇಲ್ರಿ ಕಾಕು. ಬಾಜೂಕ ಕುಂತ್ರ, ಮುಟ್ಟಿದ್ರ ಕ್ಯಾನ್ಸರ್ ಹತ್ತೂದಿಲ್ಲ. ಕಾಕಾ, ನೀವು ಏನೂ ಮಾತಾಡಬ್ಯಾಡ್ರಿ. ಸುಮ್ಮ ಕುಂಡರ್ರಿ, ಸಾಕು."

ಗಜಾನನ ಒಲ್ಲದ ಮನಸ್ಸಿನಿಂದ ಹೋದ. ಶಮಶೇರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತುಂಬಿದ ಬಸ್ಸಿನ ಕಡೆಯ ಸೀಟಿಗೂ ಕೇಳುತ್ತಿದ್ದ ದನಿ ಈಗ ಕಿವಿ ಹತ್ತಿರ ತಂದರಷ್ಟೇ ಕೇಳುವಂತಾಗಿತ್ತು.

"ಚೊಲೊ ಆಗ್ತಿ ಬಿಡು," ಎಂದ ಗಜಾನನ.

"ಸುಳ್ಳ ಹೇಳಬ್ಯಾಡ ಗಜ್ಯಾ. ಎಲ್ಲಾರೂ ಅದನ್ನ ಹೇಳಿ ಎದ್ದ ಹೋಗ್ತಾರ. ಸಾಯೂದು ನನಗ ಗೊತ್ತೈತಿ. ಹಿಂಗ ಒಬ್ಬನ ಬಿದ್ದಿರೂದ ಆಗವಲ್ದು."

ಗಜಾನನನಿಗೆ ಗೆಳೆಯನ ಉಗುರು ಬೆಳೆದದ್ದು ಕಂಡಿತು. ಶಮಶೇರನ ಹೆಂಡತಿ ಸಾಯಿರಾಳಿಂದ ನೇಲ್ ಕಟರ್ ಇಸಿದುಕೊಂಡು ಒಂದೊಂದೇ ಬೆರಳು ಹಿಡಿದು ಕತ್ತರಿಸಿದ. ಶಮಶೇರ ಕಣ್ಣು ಮುಚ್ಚಿ, "ಗಾಡಿ ಬಿಡು" ಎಂದ. ಕಂಡಕ್ಟರ್ ಆಗಿದ್ದಾಗ ಬಸ್ ಹೊರಡಿಸಲು ಅವನು ಹೇಳುತ್ತಿದ್ದ ಮಾತದು ಎಂದು ಗಜಾನನನಿಗೆ ಅರ್ಥವಾಯಿತು. ಗೋಕಾಕ ಬಿಟ್ಟದ್ದು, ಘಟಪ್ರಭಾದಲ್ಲಿ ರೈಲಿನಿಂದ ಇಳಿದವರು ನುಗ್ಗುತ್ತಿದ್ದದ್ದು, ಹುಕ್ಕೇರಿಯಲ್ಲಿ ಚಹಾ ಕುಡಿದದ್ದು, ಎಲ್ಲ ಹೇಳುತ್ತ ಹೋದ. ಸಂಕೇಶ್ವರ ಬರುವ ಮೊದಲೇ ಶಮಶೇರನಿಗೆ ನಿದ್ದೆ ಹತ್ತಿತು.

"ಭಾಳ ದಿನಾ ಆತು ಅಣ್ಣಾ, ಇಷ್ಟ ಆರಾಮ ಮಲಗಿದ್ದಿಲ್ಲ ಅವರು," ಎಂದು ಸಾಯಿರಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಂದಿನಿಂದ ಗಜಾನನ ದಿನವೂ ಹೋದ. ಐಶ್ವರ್ಯ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಹೇಳಿ ನೋವಿನ ಔಷಧದ ವ್ಯವಸ್ಥೆ ಮಾಡಿಸಿದಳು. ಜಡ್ಡು ಬಿಡಲಿಲ್ಲ, ನರಳಾಟ ಮಾತ್ರ ಕಡಿಮೆಯಾಯಿತು.

"ನಾ ಹ್ವಾದ ಮ್ಯಾಲೆ ಹನಮಂತನ ಕಡೆ ಹೋಗು," ಎಂದ ಒಂದು ದಿನ ಶಮಶೇರ. ಹನಮಂತ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ಅದೇ ಊರಿನವನು. "ಅವನ ಮನಿಗೂ ಯಾರೂ ಹೋಗೂದಿಲ್ಲ. ಬಾಜೂಕ ಕುಂಡರೂ ಮಂದಿ ಬೇಕೋ ನಮಗ."

ಒಂದು ಮಧ್ಯಾಹ್ನ ಗಜಾನನನ ಕೈ ಹಿಡಿದುಕೊಂಡೇ ಶಮಶೇರ ತೀರಿಕೊಂಡ.

ಮಣ್ಣು ಮಾಡಿ ಬಂದ ಗಜಾನನ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ, ಮತ್ತೆ ಕಟ್ಟೆಯ ಮೇಲೆ ಕೂತೇ ಹೊತ್ತು ಕಳೆದ. ಕೊನೆಗೆ ಲಕ್ಷ್ಮೀಯೇ ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಬಂದು ಎದುರಿಗೆ ನಿಂತಳು. "ಏಳ್ರಿ. ಶಮಶೇರಣ್ಣ ನಿಮಗ ಹೇಳಿದ್ದು ಮರೀಬ್ಯಾಡ್ರಿ, ಹನಮಂತ ಹಾದಿ ನೋಡತಿರ್ತಾನ. ನಾನೂ ಬರ್ತೀನಿ." ದುಃಖ ಹೋಗಿರಲಿಲ್ಲ. ಆದರೂ ಗಜಾನನ ಎದ್ದ. ಅವನು ಹೋಗಬೇಕಾದ ಮನೆ ಒಂದಿತ್ತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲೂ ಹಾಸಿಗೆ ಹಿಡಿದವರು ಒಬ್ಬರಿರಬಹುದು. ನೋವಿಗೆ ಔಷಧ ಉಂಟು, ಆಶಾ ಕಾರ್ಯಕರ್ತೆಯನ್ನು ಕೇಳಿ. ಒಬ್ಬಂಟಿತನಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಗುಳಿಗೆ ಸಿಗುವುದಿಲ್ಲ. ಏನು ಮಾತಾಡಲಿ ಎಂದು ಹೆದರಬೇಡಿ. ಇವತ್ತೇ ಹೋಗಿ, ಬಾಜೂಕ ಕೂತುಕೊಳ್ಳಿ.