ಅಮ್ಮನ ಬೆರಳುಟೋಪಿ

ರೇಡಿಯೋ ರಿಪೇರಿಯವನ ಮೇಜಿನ ಮೇಲೆ ಕೆಲವು ವಾರಗಳಿಂದ ಗಿರಾಕಿಗಳ ಸಾಮಾನಿಗೆ ಜಾಗವಿರಲಿಲ್ಲ. ಅಲ್ಲಿ ತಾಮ್ರದ ತಂತಿ ಸುತ್ತಿದ ಬಳೆಯೊಂದು, ಬಿಚ್ಚಿದ ಡಬ್ಬಿಯೊಂದು, ಹಳೆಯ ರೇಡಿಯೋಗಳಿಂದ ಕಿತ್ತ ಬಿಡಿಭಾಗಗಳು ಸಂಸಾರ ಹೂಡಿದ್ದವು. ಯಾರಾದರೂ ಕೇಳಿದರೆ, "ಅಕ್ಕನ ಆರ್ಡರ್ರು, ಸುಮ್ನಿರಿ" ಎನ್ನುತ್ತಿದ್ದ.

ಅವನ ಸ್ವಂತ ಅಕ್ಕ, ಪಕ್ಕದ ಅಂಗಡಿಯ ಟೈಲರ್. ಅವಳಿಗೆ ಬೇಕಿದ್ದದ್ದು ಅಮ್ಮನ ಬೆರಳುಟೋಪಿ. ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕಿಕೊಳ್ಳುವ, ಚುಕ್ಕಿ ಚುಕ್ಕಿ ಗುಳಿಯಿರುವ ಹಿತ್ತಾಳೆಯದು. ಅವರು ಚಿಕ್ಕವರಿದ್ದಾಗ ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ, ನಿಂಬೆ ಗಿಡದ ಕೆಳಗೆ ಹೊಲಿಯುತ್ತ ಕೂತಿದ್ದ ಅಮ್ಮ ಅದನ್ನು ಕಳೆದುಕೊಂಡಿದ್ದಳು. ಈಗ ಆ ಮನೆಯ ಯಜಮಾನ ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕಿಸುತ್ತಾನಂತೆ. "ಭಾನುವಾರ ಸಂಜೆವರೆಗೆ ಏನು ಬೇಕಾದ್ರೂ ಹುಡುಕ್ಕೊಳ್ಳಿ, ಸೋಮವಾರ ಕೆಲಸದವರು ಬರ್ತಾರೆ" ಎಂದಿದ್ದ. ಅಮ್ಮನದು ಅಂತ ಇಬ್ಬರ ಹತ್ತಿರವೂ ಏನೂ ಉಳಿದಿರಲಿಲ್ಲ. ಹೊಲಿಗೆ ಮೆಷೀನೂ ಯಾವಾಗಲೋ ಗುಜರಿಗೆ ಹೋಗಿತ್ತು.

ಹುಡುಕುವುದು ಇದೇ ಮೊದಲಲ್ಲ. ಅದು ಕಳೆದ ಹೊಸತರಲ್ಲಿ, ಇನ್ನೂ ಮೀಸೆ ಬಾರದ ಈ ತಮ್ಮನೇ ಅಪ್ಪನ ರೇಡಿಯೋವನ್ನು ಕೋಲಿಗೆ ಕಟ್ಟಿ ಯಂತ್ರ ಮಾಡಿದ್ದ. ಅದು ಕಂಡಕಂಡಲ್ಲಿ ಕೂಗಿತು. ಅಕ್ಕ ತಮ್ಮ ಸೇರಿ ಹಿತ್ತಲನ್ನು ಹಂದಿ ಹೊಕ್ಕ ಹೊಲ ಮಾಡಿದರು. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆಗಳು, ಒಂದು ಬಾಗಿಲ ಕೀಲು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, "ಮೊಳೆ ಅಂಗಡಿ ಇಡೋಣ ಬಿಡ್ರೋ" ಅಂದಿದ್ದಳು. ಮರುವರ್ಷ ಅಮ್ಮನೇ ಇರಲಿಲ್ಲ. ಆಮೇಲೆ ಹುಡುಕಲು ಯಾರಿಗೂ ಕೈ ಬರಲಿಲ್ಲ.

ಅಂದು ಎಲ್ಲಿ ತಪ್ಪಿತೆಂದು ಈಗ ಅವನಿಗೆ ಗೊತ್ತಿತ್ತು. ಇಂಥ ಯಂತ್ರದಲ್ಲಿ ಎರಡು ಪುಟ್ಟ ಸರ್ಕ್ಯೂಟುಗಳು ಕಿವಿಗೆ ನಿಲುಕದ ಶ್ರುತಿಯಲ್ಲಿ ಹಾಡುತ್ತಿರುತ್ತವೆ. ಒಂದರ ಶ್ರುತಿ ಅಲುಗುವುದಿಲ್ಲ. ಇನ್ನೊಂದರದು ನೆಲದ ಮೇಲೆ ಆಡಿಸುವ ತಂತಿಬಳೆಗೆ ಸೇರಿದ್ದು, ಲೋಹ ಹತ್ತಿರ ಬಂದರೆ ಜಾರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಕೇಳುವ ಕುಂಯ್ ಎಂಬ ದನಿ. ಆದರೆ ಎರಡನ್ನೂ ಒತ್ತೊತ್ತಾಗಿ ಕೂರಿಸಿದರೆ ಒಂದಕ್ಕೊಂದು ತಾಳ ಹಾಕಿಕೊಂಡು ಸುಮ್ಮನಾಗುತ್ತವೆ. ಸಣ್ಣ ಲೋಹ ಬಂದರೂ ಕ್ಯಾರೇ ಅನ್ನುವುದಿಲ್ಲ, ತಾಳ ತಪ್ಪಿದಾಗ ಏನೂ ಇಲ್ಲದಿದ್ದರೂ ಕೂಗುತ್ತವೆ. ಅವನು ನಡುವೆ ತಗಡಿನ ಗೋಡೆ ಎಬ್ಬಿಸಿದ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಕೊಟ್ಟ. ಈಗ ಮೊಳೆಗೆ ದನಿ ಇಳಿಯಿತು, ಹಿತ್ತಾಳೆಗೆ ಏರಿತು. ಆ ಸಂತೋಷಕ್ಕೆ ಅವನು ಅಂಗಡಿಯ ಬೀಗದಿಂದ ಹಿಡಿದು ಗಿರಾಕಿಯ ಬೆಲ್ಟಿನವರೆಗೆ ಎಲ್ಲವನ್ನೂ ಪರೀಕ್ಷಿಸಿದ.

ಒದ್ದೆ ಹುಲ್ಲು ತಾಗಿದರೂ ದನಿ ಅಲ್ಲಾಡುತ್ತಿತ್ತು. ಅದಕ್ಕೆಂದು ತಂತಿಬಳೆಯ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತಿದ. ಮೇಲೆ ಬಟ್ಟೆಯ ಗವಸು ಹಾಕಿ ಕೊಡೆಂದು ಶನಿವಾರ ಅಕ್ಕನಿಗೆ ಒಪ್ಪಿಸಿದ.

ಭಾನುವಾರ ಹಿತ್ತಲಲ್ಲಿ ಯಂತ್ರ ಹಚ್ಚಿದರೆ ದನಿಯೇ ಇಲ್ಲ. ತಿರುಪು ತಿರುಗಿಸಿ ತಿರುಗಿಸಿ ಹೇಗೋ ದನಿ ಬರಿಸಿದ. ಪರೀಕ್ಷೆಗೆಂದು ಅಕ್ಕನ ಕತ್ತರಿಯನ್ನೇ ಹಿಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಡಬ್ಬಿ ಬಿಚ್ಚಿದ, ಬ್ಯಾಟರಿ ಬದಲಿಸಿದ, ಬೆಸುಗೆಗಳನ್ನೆಲ್ಲ ಜಗ್ಗಿ ನೋಡಿದ. ಬಿಸಿಲು ಗೋಡೆ ಹತ್ತಿತು. ಅಂದಿನ ಹಾಗೆ ಇಂದೂ ಬರಿಗೈಯಲ್ಲಿ ಹೋಗಬೇಕೇನೋ ಎಂದುಕೊಂಡು ಅವನು ಗವಸಿನ ಮೇಲೆ ಕೈಯಾಡಿಸಿದ.

"ಹಾಳೆ ಏನಾದ್ರೂ ಹರೀತಾ ಅಕ್ಕಾ?"

"ಹರಿಯೋದಾ? ನೀನೇ ಒಂದು ಕಡೆ ಬೆರಳಗಲ ಬಿಟ್ಬಿಟ್ಟಿದ್ದೆ. ನಾನು ಹಾಳೆಯದೇ ತುಂಡು ಹಾಕಿ ಒತ್ತಾಗಿ ಹೊಲಿದು ಮುಚ್ಚಿದೆ. ನಿನ್ನ ಕೆಲಸ ಯಾವತ್ತು ಪೂರ್ತಿಯಾಗಿದೆ ಹೇಳು."

ಅವನು ತಲೆ ಚಚ್ಚಿಕೊಂಡ. "ಆ ಜಾಗ ಬೇಕೂಂತ ಬಿಟ್ಟಿದ್ದು ಕಣೇ. ಹಾಳೆ ಸುತ್ತಿ ಬಂದು ತನ್ನನ್ನೇ ಮುಟ್ಟಿದ್ರೆ ಅದೇ ಒಂದು ಬಳೆ ಆಗುತ್ತೆ. ಒಳಗಿನ ತಂತಿ ಕಿವುಡಾಗುತ್ತೆ."

"ಹೇಳ್ಬೇಕಿತ್ತು. ಟೈಲರ್ ಕೈಗೆ ತೂತು ಕೊಟ್ಟು ಮುಚ್ಚಬೇಡ ಅಂದ್ರೆ ಹೇಗೆ?" ಅಂದಳು ಅಕ್ಕ. ಅನ್ನುತ್ತಲೇ ಕತ್ತರಿಯ ತುದಿಯನ್ನು ಹೊಲಿಗೆಗೆ ತೂರಿಸಿದಳು.

ಹೊಲಿಗೆ ಬಿಚ್ಚಿ ಹಾಳೆಯ ತುಂಡು ಕಿತ್ತದ್ದೇ ತಡ, ಯಂತ್ರಕ್ಕೆ ಜೀವ ಬಂತು. ನಿಂಬೆ ಗಿಡ ಎಂದೋ ಹೋಗಿ ಬೊಡ್ಡೆ ಮಾತ್ರ ಉಳಿದಿತ್ತು. ಅದರ ಸುತ್ತ ಅವನು ನಿಧಾನ ಆಡಿಸಿದ. ಇಳಿಯಿತು, ಮೊಳೆ. ಮತ್ತೆ ಇಳಿಯಿತು, ಮತ್ತೊಂದು ಮೊಳೆ. "ಎಲ್ಲಾ ಕಿತ್ತಿದ್ವಿ ಅಂದ್ಕೊಂಡಿದ್ದೆ" ಎಂದು ಅಕ್ಕ ಗೊಣಗಿದಳು. ಬೊಡ್ಡೆಯ ಬೇರೊಂದರ ಪಕ್ಕದಲ್ಲಿ ದನಿ ಏರಿತು. ಅವನು ಬಳೆಯನ್ನು ಹಿಂದಕ್ಕೆ ತಂದ. ಮತ್ತೆ ಅಲ್ಲೇ ಏರಿತು. ಇಬ್ಬರೂ ಮಂಡಿಯೂರಿ ಮಣ್ಣು ಕೆದಕಿದರು.

ಅಂಗೈ ಆಳದಲ್ಲಿ ಸಿಕ್ಕಿತು. ಅಕ್ಕ ಮಣ್ಣು ಒರೆಸಿ, ಗುಳಿಗಳ ಮೇಲೆ ಉಗುರಾಡಿಸಿ, ನಡುಬೆರಳಿಗೆ ಹಾಕಿಕೊಳ್ಳಲು ಹೋದಳು. ಅದು ತುದಿಯಲ್ಲೇ ನಿಂತಿತು. ಉಂಗುರದ ಬೆರಳಿಗೂ ಇಳಿಯಲಿಲ್ಲ. ಕೊನೆಗೆ ಕಿರುಬೆರಳಿಗೆ ಕೂತಿತು.

"ಇಷ್ಟೇನಾ ಅಮ್ಮನ ಬೆರಳು?" ಅಂದಳು.

ಜ್ವರ ಬಂದಾಗ ತಮ್ಮನ ಹಣೆಯನ್ನೆಲ್ಲ ಮುಚ್ಚುತ್ತಿದ್ದ ಕೈ ಅದು. ಅವನ ನೆನಪಿನಲ್ಲಿ ಅದಕ್ಕಿಂತ ದೊಡ್ಡ ಕೈ ಲೋಕದಲ್ಲಿರಲಿಲ್ಲ.

"ಹೋದಾಗ ನನ್ನ ಮಗಳಿಗೆ ಈಗ ಆಗಿರೋಷ್ಟೂ ವಯಸ್ಸಾಗಿರಲಿಲ್ಲ ಕಣೋ ಅವಳಿಗೆ. ಚಿಕ್ಕ ಹುಡುಗಿ, ಪಾಪ."

ಇಷ್ಟು ವರ್ಷ ಅವರು ಅತ್ತಿದ್ದೆಲ್ಲ ತಾಯಿಯಿಲ್ಲದ ತಮಗಾಗಿ. ಅಂದು ಹಿತ್ತಲ ಮಣ್ಣಿನಲ್ಲಿ ಕೂತು, ಆ ಇಬ್ಬರು ಮುದುಕರು ಮೊದಲ ಸಲ ಆ ಹುಡುಗಿಗಾಗಿ ಅತ್ತರು.