ರೋಸಕುಟ್ಟಿ ಬಿದ್ದದ್ದೆಲ್ಲಿ

ಕೋಟ್ಟಯಂ ಕಡೆಯ ಆ ಆಸ್ಪತ್ರೆಯಲ್ಲಿ ಕೆಲಸದವರು ಯಾರೂ ಬೀಳುವಂತಿರಲಿಲ್ಲ. ಬೀಳಲೇಬೇಕೆಂದಿದ್ದರೆ ಮನೆಯಲ್ಲಿ ಬೀಳಬೇಕು. ಸಿಬ್ಬಂದಿಗೆ ಪೆಟ್ಟಾಗದ ಆಸ್ಪತ್ರೆ ಎಂಬ ಹೆಸರು ಉಳಿಸಿಕೊಳ್ಳಲು ಮ್ಯಾನೇಜರ್ ಕುರಿಯಾಚ್ಚನ್ ಒಂದು ಪದ್ಧತಿ ಮಾಡಿದ್ದ: ಏಟು ತಿಂದವರನ್ನು ಆಂಬುಲೆನ್ಸಿನಲ್ಲಿ ಮನೆಗೆ ಒಯ್ಯುವುದು, ಅಲ್ಲಿಂದ ರೋಗಿಯೆಂದು ಮತ್ತೆ ಕರೆತರುವುದು. ವಾರ್ಡಿನ ಔಸೇಪನ ಕೈಯನ್ನು ರೋಗಿಯೊಬ್ಬ ಕಚ್ಚಿದಾಗ ಪಕ್ಕದ ಮನೆಯ ನಾಯಿಯ ಹೆಸರು ಹೇಳಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ನಾಯಿಯ ಯಜಮಾನ ಇವತ್ತಿಗೂ ಔಸೇಪನನ್ನು ಮಾತನಾಡಿಸುವುದಿಲ್ಲ.

ತಪಾಸಣೆಯವರು ಬರುವ ದಿನ ಬೆಳಿಗ್ಗೆ, ನೆಲ ಹೊಳೆಯಲೆಂದು ಸೋಪುನೀರು ಸುರಿದಿದ್ದ ವಾರ್ಡಿನಲ್ಲಿ ನರ್ಸ್ ರೋಸಕುಟ್ಟಿ ದೊಪ್ಪನೆ ಬಿದ್ದಳು. ಕಾಲಿನ ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಎಕ್ಸ್‌ರೇ ಕೋಣೆ ಎದುರಿಗೇ ಇತ್ತು. ಕುರಿಯಾಚ್ಚನ್ ಅವಳನ್ನು ಆಂಬುಲೆನ್ಸಿಗೆ ಏರಿಸಿ ಜೊತೆಗೇ ಹೊರಟ. ಕೆಲಸದಲ್ಲಿ ಬಿದ್ದರೆ ಕಾಲು ಕೂಡುವವರೆಗೆ ಸಂಬಳದ ರಜೆ. ಮನೆಯಲ್ಲಿ ಬಿದ್ದರೆ ನೌಕರಿ ಉಳಿಯುವುದೂ ದೇವರಿಗೆ ಬಿಟ್ಟದ್ದು. ರೋಸಕುಟ್ಟಿ ದಾರಿಯುದ್ದಕ್ಕೂ ಬೇಡಿಕೊಂಡಳು. ಪುಣ್ಯಾತ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

ಮನೆಯ ಗೇಟಿನಲ್ಲಿ ಅತ್ತೆ ಏಲಿಯಮ್ಮ ಅಡ್ಡ ನಿಂತಳು. ಅತ್ತೆ ಸೊಸೆಯರ ಜಗಳ ಬೀದಿಗೆಲ್ಲ ಬಾಯಿಪಾಠವಾಗಿತ್ತು.

“ಇಲ್ಲಿ ಬಿದ್ಲು ಅಂದ್ರೆ ನಾನೇ ತಳ್ಳಿದೆ ಅಂತಾರೆ ಜನ. ಈ ಮನೇಲಿ ಯಾರೂ ಬಿದ್ದಿಲ್ಲ. ತಗೊಂಡ್ಹೋಗು ಕುರಿಯಾಚ್ಚಾ.”

ಮೆಟ್ಟಿಲ ಮೇಲೆ ಎನ್ನೋಣ, ಬೇಡವಾದರೆ ಬಾವಿಕಟ್ಟೆ ಎನ್ನೋಣ ಎಂದು ಅವನು ಚೌಕಾಸಿಗಿಳಿದ. ಮುದುಕಿ ಜಗ್ಗಲಿಲ್ಲ. ಕೊನೆಗೆ ಸೊಸೆಯನ್ನು ಎಲ್ಲಿ ಬೀಳಿಸುತ್ತಾರೋ ನೋಡಿಯೇ ಬಿಡುತ್ತೇನೆಂದು ಕೊಡೆ ಹಿಡಿದು ತಾನೂ ಹತ್ತಿ ಕುಳಿತಳು. ಚರ್ಚಿನ ಅಂಗಳ ಕೇಳಿದರೆ, ಮೊನ್ನೆಯಷ್ಟೇ ಕಲ್ಲು ಹಾಸಿಸಿದ್ದ ಪಾದ್ರಿ ಹೌಹಾರಿದರು. ಕಳ್ಳಿನಂಗಡಿಯವನೊಬ್ಬ ಮಾತ್ರ ಸಂತೋಷದಿಂದ ಒಪ್ಪಿದ; ಅಲ್ಲಿ ಬೀಳುವುದು ವಾಡಿಕೆಯಂತೆ. ಅಷ್ಟರಲ್ಲಿ ರೋಸಕುಟ್ಟಿಯ ಕಾಲು ಕುಂಬಳಕಾಯಿಯಾಗಿತ್ತು. ಮರ್ಯಾದಸ್ಥರ ಮನೆಯ ಹೆಂಗಸು ಕಳ್ಳಿನಂಗಡಿಯಲ್ಲಿ ಬೀಳುವುದೇ ಎಂದು ಏಲಿಯಮ್ಮ ಕೊಡೆಯಿಂದ ಡ್ರೈವರನ ಬೆನ್ನಿಗೆ ತಿವಿದು ಗಾಡಿಯನ್ನು ಆಸ್ಪತ್ರೆಗೆ ತಿರುಗಿಸಿದಳು.

ಬಾಗಿಲಲ್ಲೇ ತಪಾಸಣೆಯ ಡಾಕ್ಟರಮ್ಮ ನಿಂತಿದ್ದರು. ಏಲಿಯಮ್ಮ ಒಂದೂ ಬಿಡದೆ ಒದರಿದಳು. ಕುರಿಯಾಚ್ಚನ್ ಬೆವರೊರೆಸಿಕೊಂಡು, ಬಿದ್ದದ್ದು ಇಲ್ಲೇ ಎಂದು ಒಪ್ಪಿದ. ರೋಸಕುಟ್ಟಿಗೆ ಹೋದ ಜೀವ ಬಂತು.

“ಆದ್ರೆ ಇವ್ರು ನಮ್ಮ ಸಿಬ್ಬಂದಿ ಅಲ್ಲ ಮೇಡಂ,” ಎಂದ. “ಯಾರೋ ರೋಗೀನ ನೋಡೋಕೆ ಬಂದೋರು.”

ಎದೆಯ ಮೇಲೆ ಹೆಸರಿನ ಪಟ್ಟಿ, ಮೈಮೇಲೆ ಬಿಳಿ ಯೂನಿಫಾರಂ. ಮೂಳೆ ಮುರಿದಾಗ ಬಾರದ ಅಳು ರೋಸಕುಟ್ಟಿಗೆ ಈಗ ಬಂತು. ಹೂಂ ಅಂದುಬಿಡು, ನಾಳೆ ಹೊಸದಾಗಿ ಸೇರಿಸಿಕೊಳ್ಳುತ್ತೇನೆ ಎಂದು ಅವನು ಅವಳ ಕಿವಿಯಲ್ಲಿ ಉಸುರಿದ. ಡಾಕ್ಟರಮ್ಮ ಬಗ್ಗಿ, ನೀವು ಯಾರು ಎಂದು ಅವಳನ್ನೇ ಕೇಳಿದರು.

“ಇಲ್ಲಿನ ನರ್ಸು,” ಎಂದಳು. “ಹನ್ನೊಂದು ವರ್ಷದಿಂದ. ಕೆಲಸ ಮಾಡ್ತಾ ಬಿದ್ದೆ.”

ಡಾಕ್ಟರಮ್ಮ ಅದನ್ನು ಹಾಗೆಯೇ ಬರೆದುಕೊಂಡು, ಮೊದಲು ಎಕ್ಸ್‌ರೇ ತೆಗೆಸಿರೆಂದರು. ರಜೆ ಸಿಕ್ಕಿತು. ಆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಬಿದ್ದವರಲ್ಲಿ ರೋಸಕುಟ್ಟಿಯೇ ಮೊದಲನೆಯವಳು. ಮಧ್ಯಾಹ್ನದ ಹೊತ್ತಿಗೆ ಆಯಾಗಳು, ನರ್ಸುಗಳು, ಅಡುಗೆಯವರು, ಕೊನೆಗೆ ಇಬ್ಬರು ಸರ್ಜನರು ಕೂಡ, ತಮ್ಮ ತಮ್ಮ ಹಳೆಯ ಗಾಯಗಳನ್ನು ಬಿಚ್ಚಿ ತೋರಿಸುತ್ತ, ತಾವೂ ಇಲ್ಲೇ ಬಿದ್ದದ್ದೆಂದು ಡಾಕ್ಟರಮ್ಮನ ಮುಂದೆ ಸಾಲು ನಿಂತರು.